ಸೊನ್ನೆ ಎಲ್ಲಿದೆ, ಮೊದಲು ಹೇಳಿ

ಯಾವ ವಿಷಯದ ಮೇಲೆ ಚರ್ಚೆ ನಡೆದರೂ ಕೊನೆಗೆ ಯಾರಾದರೊಬ್ಬರು ಹೇಳುವ ಮಾತು ಇದು: ‘ಎಲ್ಲದಕ್ಕೂ ಪ್ಲಸ್ಸೂ ಇರುತ್ತೆ, ಮೈನಸ್ಸೂ ಇರುತ್ತೆ. ಎರಡನ್ನೂ ಲೆಕ್ಕ ಹಾಕಿ ಯಾವುದು ಜಾಸ್ತಿಯೋ ನೋಡಿಕೊಂಡರಾಯಿತು.’ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಊರಿನ ಜಮೀನು ಮಾರಬೇಕೇ ಬೇಡವೇ, ವೈದ್ಯರು ಬರೆದುಕೊಟ್ಟ ಕೊಲೆಸ್ಟರಾಲ್ ಮಾತ್ರೆ ನುಂಗಬೇಕೇ ಬಿಡಬೇಕೇ, ಎಲ್ಲಕ್ಕೂ ಇದೇ ಸೂತ್ರ. ಈ ಮಾತಿನಲ್ಲಿ ವಿವೇಕವಿಲ್ಲ ಎಂದಲ್ಲ. ಒಂದು ಕಡೆಯನ್ನೇ ಕಂಡು ಹಿಗ್ಗುವವನಿಗೆ ಅದು ಇನ್ನೊಂದು ಕಡೆಯನ್ನು ತೋರಿಸುತ್ತದೆ, ಹೆದರಿ ಕೂತವನಿಗೆ ಧೈರ್ಯ ಕೊಡುತ್ತದೆ. ಔಷಧ ಕಂಪನಿಯ ಜಾಹೀರಾತು ಲಾಭವನ್ನಷ್ಟೇ ಸಾರುವಾಗ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶ ಹಾನಿಯನ್ನಷ್ಟೇ ಸಾರುವಾಗ, ಎರಡೂ ಕಡೆ ನೋಡು ಎನ್ನುವವನು ಅವೆರಡಕ್ಕಿಂತ ಮೇಲು. ನನ್ನ ತಕರಾರು ಎರಡೂ ಕಡೆ ನೋಡುವುದರ ಬಗ್ಗೆ ಅಲ್ಲ; ನೋಡಿದ್ದನ್ನು ‘ಲೆಕ್ಕ ಹಾಕಿದೆವು’ ಎಂದುಕೊಳ್ಳುವ ನಂಬಿಕೆಯ ಬಗ್ಗೆ. ಪ್ಲಸ್, ಮೈನಸ್ ಎಂದು ಗುರುತು ಹಚ್ಚಿದ ಮಾತ್ರಕ್ಕೆ ಎರಡು ಸಂಗತಿಗಳಿಗೆ ಒಂದನ್ನೊಂದು ಹೊಡೆದುಹಾಕುವ ಯೋಗ್ಯತೆ ಬರುವುದಿಲ್ಲ. ಗಣಿತದಲ್ಲಿ ಆ ಯೋಗ್ಯತೆಗೆ ಕೆಲವು ಷರತ್ತುಗಳಿವೆ. ಅವನ್ನು ನಾವು ಶಾಲೆಯಲ್ಲಿ ಸರಿಯಾಗಿ ಕಲಿಸುವುದಿಲ್ಲ. ಅದರ ಫಲವನ್ನು ಐವತ್ತರ ವಯಸ್ಸಿನಲ್ಲಿ, ಲಿಪಿಡ್ ಪ್ರೊಫೈಲ್ ರಿಪೋರ್ಟು ಕೈಗೆ ಬಂದಾಗ ಉಣ್ಣುತ್ತೇವೆ.

ಶಾಲೆಯಿಂದಲೇ ಶುರು ಮಾಡೋಣ. −3 − 4 ಎಷ್ಟು ಎಂದು ಏಳನೇ ತರಗತಿಯ ಮಕ್ಕಳನ್ನು ಕೇಳಿದರೆ ಒಂದಿಷ್ಟು ಮಂದಿ 7 ಎನ್ನುತ್ತಾರೆ. ಯಾಕೆ ಎಂದರೆ ಥಟ್ಟನೆ ಉತ್ತರ ಬರುತ್ತದೆ: ‘ಮೈನಸ್ ಮೈನಸ್ ಪ್ಲಸ್.’ ಗುಣಾಕಾರಕ್ಕೆಂದು ಹೇಳಿಕೊಟ್ಟ ಮಂತ್ರವನ್ನು ಅವರು ಇಲ್ಲೂ ಜಪಿಸಿದ್ದಾರೆ. ಇದು ದಡ್ಡತನವಲ್ಲ, ನಾವು ಕಲಿಸಿದ್ದರ ನೇರ ಫಲಿತಾಂಶ. ಚಿಹ್ನೆಗಳಿಗೆ ತಮ್ಮದೇ ಸ್ವಭಾವವಿದೆ, ಎರಡು ಒಂದೇ ಥರದವು ಸೇರಿದರೆ ಒಳ್ಳೆಯದಾಗುತ್ತದೆ, ಬೇರೆ ಥರದವು ಸೇರಿದರೆ ಕೆಡುತ್ತದೆ ಎಂಬಂತೆ ಪಾಠ ನಡೆದಿರುತ್ತದೆ. ಯಾವ ಕ್ರಿಯೆ, ಯಾವ ಸಂಖ್ಯೆ, ಅದು ಎಲ್ಲಿಂದ ಎತ್ತ ಎಂಬ ಪ್ರಶ್ನೆಗಳೆಲ್ಲ ಹಿಂದೆ ಬಿದ್ದಿರುತ್ತವೆ. ಸಂಖ್ಯಾರೇಖೆಯ ಮೇಲೆ ಬೆರಳಿಟ್ಟು, ಸೊನ್ನೆಯಿಂದ ಎಡಕ್ಕೆ ಮೂರು ಹೆಜ್ಜೆ, ಅಲ್ಲಿಂದ ಮತ್ತೂ ಎಡಕ್ಕೆ ನಾಲ್ಕು ಹೆಜ್ಜೆ ಹೋದ ಮಗು ಬಲಗಡೆಯ 7ಕ್ಕೆ ಬಂದು ನಿಲ್ಲುವುದು ಸಾಧ್ಯವೇ ಇಲ್ಲ.

ಈ ಗೊಂದಲಕ್ಕೆ ಹಳೆಯ ಬೇರೂ ಇದೆ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯ ಮೂರಕ್ಕೂ ನಿಯಮ ಬರೆದ. ಎರಡು ಧನ ಕೂಡಿದರೆ ಧನ, ಎರಡು ಋಣ ಕೂಡಿದರೆ ಋಣ, ಸಮನಾದ ಧನ-ಋಣ ಕೂಡಿದರೆ ಶೂನ್ಯ, ಎರಡು ಋಣಗಳ ಗುಣಲಬ್ಧ ಧನ. ಸುಮಾರು ಎರಡು ಶತಮಾನಗಳ ನಂತರ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ನಿಯಮಗಳ ಜೊತೆಗೆ, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದೂ ಸೇರಿಸಿದ. ಕೂಡುವ-ಕಳೆಯುವ ತನಕ ಆಸ್ತಿ-ಸಾಲದ ಹೋಲಿಕೆ ಸೊಗಸಾಗಿ ನಡೆಯುತ್ತದೆ. ಮೂರು ಸಾವಿರ ಸಾಲವಿದ್ದವನು ಇನ್ನೂ ನಾಲ್ಕು ಸಾವಿರ ಸಾಲ ಮಾಡಿದರೆ ಏಳು ಸಾವಿರದ ಶ್ರೀಮಂತನಾಗುತ್ತಾನೆ ಎಂದು ಯಾವ ಮಗುವೂ ಹೇಳದು. ಎಡವುವುದು ಗುಣಾಕಾರದಲ್ಲಿ. ಫ್ರೆಂಚ್ ಕಾದಂಬರಿಕಾರ ಸ್ಟೆಂಡಾಲ್ ತನ್ನ ಬಾಲ್ಯದ ನೆನಪುಗಳಲ್ಲಿ ಇದನ್ನೇ ತೋಡಿಕೊಂಡಿದ್ದಾನೆ: ಒಂದು ಸಾಲವನ್ನು ಇನ್ನೊಂದು ಸಾಲದಿಂದ ಗುಣಿಸಿದರೆ ಸಂಪತ್ತು ಹೇಗೆ ಬರುತ್ತದೆ? ಮೇಷ್ಟರುಗಳು ಅವನಿಗೆ ತೃಪ್ತಿಕರ ಉತ್ತರ ಕೊಡಲಿಲ್ಲ. ಉತ್ತರ ಇದ್ದದ್ದು ಪ್ರಶ್ನೆಯ ಒಳಗೇ: ಸಾಲವನ್ನು ಸಾಲದಿಂದ ಗುಣಿಸಲು ಬರುವುದೇ ಇಲ್ಲ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸಿದರೆ ರೂಪಾಯಿ ಸಿಗುವುದಿಲ್ಲ. ಗುಣಾಕಾರದಲ್ಲಿ ಎರಡು ಮೈನಸ್ಸುಗಳು ಬೇರೆಬೇರೆ ಸಂಗತಿಗಳವು. ನಿಮಿಷಕ್ಕೆ 3 ಲೀಟರ್‌ನಂತೆ ಸೋರುತ್ತಿರುವ ತೊಟ್ಟಿಯಲ್ಲಿ ನೀರಿನ ಬದಲಾವಣೆ −3. ನಾಲ್ಕು ನಿಮಿಷದ ಹಿಂದೆ ಎಂಬುದು −4. ಆಗ ತೊಟ್ಟಿಯಲ್ಲಿ ಈಗಿರುವುದಕ್ಕಿಂತ 12 ಲೀಟರ್ ಹೆಚ್ಚು ನೀರಿತ್ತು. ಒಂದು ಮೈನಸ್ ನೀರಿನ ದಿಕ್ಕಿನದು, ಇನ್ನೊಂದು ಕಾಲದ ದಿಕ್ಕಿನದು. ತೊಟ್ಟಿಯ ಉದಾಹರಣೆಯೇ ಬೇಡ ಎನ್ನುವವರಿಗೆ ಶುದ್ಧ ತರ್ಕವೂ ಇದೆ. 1 ಮತ್ತು −1 ಕೂಡಿದರೆ ಸೊನ್ನೆ. ಅದನ್ನು −1ರಿಂದ ಗುಣಿಸಿದರೂ ಸೊನ್ನೆಯೇ. ಆವರಣ ಬಿಡಿಸಿದಾಗ ಮೊದಲ ಭಾಗ −1 ಆಗುತ್ತದೆ; ಒಟ್ಟು ಸೊನ್ನೆಯಾಗಬೇಕಾದರೆ ಎರಡನೆಯ ಭಾಗ, ಅಂದರೆ −1 ಗುಣಿಸು −1, +1 ಆಗದೆ ಗತಿಯಿಲ್ಲ. ಕೂಡುವ, ಗುಣಿಸುವ ನಿಯಮಗಳು ಸೊನ್ನೆಯ ಕೆಳಗೂ ಮುರಿಯದಿರಲಿ ಎಂದು ನಾವು ಬಯಸಿದ್ದರ ಬೆಲೆ ಅದು. ಎರಡು ಕೆಟ್ಟದ್ದು ಸೇರಿ ಒಳ್ಳೆಯದಾಯಿತು ಎಂಬ ಪವಾಡ ಅಲ್ಲಿ ಏನೂ ನಡೆದಿಲ್ಲ.

ಹಾಗಾದರೆ ಚಿಹ್ನೆ ಎಂದರೆ ಏನು? ಒಂದು ಗೆರೆಯ ಮೇಲೆ, ನಾವೇ ಆರಿಸಿಕೊಂಡ ಸೊನ್ನೆಯಿಂದ, ಯಾವ ದಿಕ್ಕು ಎಂಬುದಷ್ಟೇ. ಸೊನ್ನೆ ನಮ್ಮ ಆಯ್ಕೆ ಎನ್ನುವುದಕ್ಕೆ ಥರ್ಮಾಮೀಟರ್ ಸಾಕ್ಷಿ. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಮಾಡಿದ ಅಳತೆಪಟ್ಟಿಯಲ್ಲಿ ನೀರು ಕುದಿಯುವುದು 0 ಡಿಗ್ರಿಗೆ, ಹೆಪ್ಪುಗಟ್ಟುವುದು 100ಕ್ಕೆ. ಮುಂದೆ ಅದನ್ನು ತಿರುಗಿಸಿದರು. ನೀರಿಗೇನೂ ಅದು ಗೊತ್ತಾಗಲಿಲ್ಲ. ಸೊನ್ನೆಯ ಕೆಳಗೆ ಗೆರೆ ಇದೆಯೋ ಇಲ್ಲವೋ ಎಂಬುದೂ ಲೆಕ್ಕವೇ ಹೇಳುವ ಸಂಗತಿಯಲ್ಲ. ಇದನ್ನು ಹನ್ನೆರಡನೆಯ ಶತಮಾನದಲ್ಲೇ ಎರಡನೆಯ ಭಾಸ್ಕರಾಚಾರ್ಯ ಬಲು ಚೆನ್ನಾಗಿ ತೋರಿಸಿದ್ದಾನೆ. ‘ಬೀಜಗಣಿತ’ದಲ್ಲಿ ಒಂದು ಲೆಕ್ಕವಿದೆ: ಕೋತಿಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದದ್ದರ ವರ್ಗದಷ್ಟು ಕೋತಿಗಳು ಗುಹೆ ಸೇರಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ, ಒಟ್ಟು ಎಷ್ಟು? ಸಮೀಕರಣಕ್ಕೆ ಎರಡು ಉತ್ತರ: 50 ಮತ್ತು 5. ಐವತ್ತರ ಐದನೆಯ ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಮೇಲಿನದೊಂದು ಸೇರಿ 50. ಸರಿ. ಐದರ ಐದನೆಯ ಭಾಗ 1, ಮೂರು ಕಳೆದರೆ −2, ವರ್ಗ 4, ಮತ್ತೊಂದು ಸೇರಿ 5. ಇದೂ ಲೆಕ್ಕದಲ್ಲಿ ತಾಳೆಯಾಗುತ್ತದೆ. ಆದರೂ ಭಾಸ್ಕರ ಐದನ್ನು ಬಿಟ್ಟುಬಿಡುತ್ತಾನೆ. ಕಾರಣ, ನಡುವೆ ‘ಋಣ ಎರಡು ಕೋತಿ’ ಬರುತ್ತದೆ, ಅದನ್ನು ಲೋಕ ಒಪ್ಪುವುದಿಲ್ಲ. ಋಣಸಂಖ್ಯೆ ಅವನಿಗೆ ಅರ್ಥವಾಗಿರಲಿಲ್ಲ ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಸ್ತಿಯ ಗೆರೆ ಸೊನ್ನೆಯ ಕೆಳಕ್ಕೂ ಇಳಿಯುತ್ತದೆ, ಕೋತಿಗಳ ಗೆರೆ ಸೊನ್ನೆಯಲ್ಲೇ ನಿಲ್ಲುತ್ತದೆ ಎಂಬುದನ್ನು ಅವನು ಕಂಡಿದ್ದ. ಬರಿಯ ಅಂಕಿಗಳು ತಾಳೆಯಾದವು ಎಂಬುದು ಅವನಿಗೆ ಸಾಲಲಿಲ್ಲ.

ಇಷ್ಟರಿಂದ, ಪ್ಲಸ್ಸನ್ನೂ ಮೈನಸ್ಸನ್ನೂ ಕೂಡಲು ಬೇಕಾದ ಷರತ್ತುಗಳು ಮೂರು ಎಂದು ಹೇಳಬಹುದು.

1. ಎರಡೂ ಒಂದೇ ಅಳತೆಯವಾಗಿರಬೇಕು. ಲೀಟರಿಗೆ ಲೀಟರು, ರೂಪಾಯಿಗೆ ರೂಪಾಯಿ.

2. ಸೊನ್ನೆ ಎಲ್ಲಿದೆ ಎಂಬುದು ಮೊದಲೇ ನಿಗದಿಯಾಗಿರಬೇಕು. ಯಾವುದಕ್ಕೆ ಹೋಲಿಸಿ ಲಾಭ, ಯಾವುದಕ್ಕೆ ಹೋಲಿಸಿ ನಷ್ಟ?

3. ಎರಡೂ ಒಬ್ಬರದೇ ಖಾತೆಯಲ್ಲಿರಬೇಕು. ನನ್ನ ಸಾಲವೂ ನಿಮ್ಮ ಉಳಿತಾಯವೂ ಸೇರಿ ಸೊನ್ನೆಯಾದರೆ ನನಗೆ ನೆಮ್ಮದಿಯೂ ಇಲ್ಲ, ನಿಮಗೆ ಸಂತೋಷವೂ ಇಲ್ಲ.

ನಿರ್ಧಾರಗಳಿಗೆ ಈ ಪ್ಲಸ್-ಮೈನಸ್ ಪಟ್ಟಿ ತಯಾರಿಸುವ ಪದ್ಧತಿಯನ್ನು ಹೆಸರುವಾಸಿ ಮಾಡಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. 1772ರಲ್ಲಿ ಗೆಳೆಯ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ಅವನು ಅದನ್ನು ವಿವರಿಸಿದ್ದಾನೆ: ಹಾಳೆಯ ಮಧ್ಯೆ ಗೆರೆ ಎಳೆದು, ಪರವಾದದ್ದನ್ನು ಒಂದು ಕಡೆ, ವಿರುದ್ಧವಾದದ್ದನ್ನು ಇನ್ನೊಂದು ಕಡೆ ಬರೆ, ಸಮತೂಕದವನ್ನು ಹೊಡೆದುಹಾಕು, ಉಳಿದದ್ದನ್ನು ನೋಡು. ವಿದ್ಯುತ್ತಿಗೆ ಪ್ಲಸ್, ಮೈನಸ್ ಎಂಬ ಹೆಸರನ್ನು ಬಳಕೆಗೆ ತಂದವನೂ ಇದೇ ಫ್ರಾಂಕ್ಲಿನ್. ಅಲ್ಲಿ ಅವನು ಯಾವ ಬದಿಗೆ ಯಾವ ಗುರುತು ಹಾಕಿದ್ದನೋ ಅದರ ಪ್ರಕಾರ, 1897ರಲ್ಲಿ ಜೆ.ಜೆ. ಥಾಮ್ಸನ್ ಗುರುತಿಸಿದ ಎಲೆಕ್ಟ್ರಾನ್ ಮೈನಸ್ ಆಯಿತು. ಅದರಿಂದ ಒಂದು ಬಲ್ಬೂ ಆರಲಿಲ್ಲ, ಏಕೆಂದರೆ ವಿದ್ಯುತ್ತಿನಲ್ಲಿ ಮೂರೂ ಷರತ್ತುಗಳು ಈಡೇರಿವೆ. ಗುರುತು ಅದಲುಬದಲಾದರೂ ಮೊತ್ತ ಕೆಡುವುದಿಲ್ಲ. ಹಾಳೆಯ ಮೇಲಿನ ಪಟ್ಟಿಯಲ್ಲಿ ಹಾಗಲ್ಲ. ಪರವಾದ ಒಂದು ಕಾರಣ ವಿರುದ್ಧವಾದ ಎರಡಕ್ಕೆ ಸಮ ಎಂದು ತೀರ್ಮಾನಿಸುವವನು ಬರೆಯುವವನೇ. ಫ್ರಾಂಕ್ಲಿನ್‌ಗೆ ಇದು ಗೊತ್ತಿತ್ತು; ಕಾರಣಗಳ ತೂಕವನ್ನು ಬೀಜಗಣಿತದಷ್ಟು ಕರಾರುವಾಕ್ಕಾಗಿ ಹಿಡಿಯಲಾಗದೆಂದು ಅವನೇ ಒಪ್ಪಿಕೊಂಡಿದ್ದಾನೆ, ಮೂರು-ನಾಲ್ಕು ದಿನ ಯೋಚಿಸಿ ಪಟ್ಟಿ ತುಂಬಬೇಕು ಎಂದೂ ಹೇಳಿದ್ದಾನೆ. ನಮ್ಮ ಕೈಗೆ ಬರುವ ಹೊತ್ತಿಗೆ ಆ ತೂಕ ಹಾಕುವ ಭಾಗ ಉದುರಿಹೋಗಿದೆ, ಎಣಿಸುವ ಭಾಗ ಮಾತ್ರ ಉಳಿದಿದೆ: ಪ್ಲಸ್ ಐದು, ಮೈನಸ್ ಮೂರು, ಆದ್ದರಿಂದ ಸೈ.

ಈಗ ಕೊಲೆಸ್ಟರಾಲಿಗೆ ಬರೋಣ. ಇಲ್ಲಿ ಗುರುತು ಹಚ್ಚುವ ಕೆಲಸ ರಕ್ತಪರೀಕ್ಷೆಯಿಂದಲೇ ಶುರುವಾಗುತ್ತದೆ: ಎಲ್‌ಡಿಎಲ್ ‘ಕೆಟ್ಟ ಕೊಲೆಸ್ಟರಾಲ್’, ಎಚ್‌ಡಿಎಲ್ ‘ಒಳ್ಳೆ ಕೊಲೆಸ್ಟರಾಲ್’. ಕೆಟ್ಟದ್ದನ್ನು ಇಳಿಸಿ ಒಳ್ಳೆಯದನ್ನು ಏರಿಸುವ ಔಷಧ ಸಿಕ್ಕರೆ ಎರಡು ಪ್ಲಸ್ ಸಿಕ್ಕಂತೆ ತಾನೇ? ಟಾರ್ಸೆಟ್ರಪಿಬ್ ಎಂಬ ಔಷಧ ಅದನ್ನೇ ಮಾಡಿತು. ಹದಿನೈದು ಸಾವಿರ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಎಚ್‌ಡಿಎಲ್ ಅನ್ನು ಶೇ 72ರಷ್ಟು ಏರಿಸಿತು, ಎಲ್‌ಡಿಎಲ್ ಅನ್ನು ಶೇ 25ರಷ್ಟು ಇಳಿಸಿತು. 2006ರ ಡಿಸೆಂಬರ್‌ನಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು: ಔಷಧ ತೆಗೆದುಕೊಂಡ ಗುಂಪಿನಲ್ಲಿ 93 ಸಾವು, ಇನ್ನೊಂದರಲ್ಲಿ 59. ರಿಪೋರ್ಟಿನ ಕಾಗದದಲ್ಲಿ ಎರಡೂ ಅಂಕಿಗಳು ಸರಿಯಾದ ದಿಕ್ಕಿನಲ್ಲಿ ಸರಿದಿದ್ದವು. ಆದರೆ ಕಾಗದದ ಮೇಲಿನ ಗೆರೆಯೂ ಬದುಕು-ಸಾವಿನ ಗೆರೆಯೂ ಒಂದೇ ಆಗಿರಲಿಲ್ಲ. ಆ ಔಷಧ ರಕ್ತದೊತ್ತಡವನ್ನೂ ಏರಿಸುತ್ತಿತ್ತು. ಪ್ಲಸ್-ಮೈನಸ್ ಪಟ್ಟಿ ಹಾಕಿದ್ದರೆ ಅದು ಒಂದು ಸಣ್ಣ ಮೈನಸ್ಸಾಗಿ ಎರಡು ದೊಡ್ಡ ಪ್ಲಸ್ಸುಗಳ ಎದುರು ಸೋಲುತ್ತಿತ್ತು.

ಸ್ಟ್ಯಾಟಿನ್‌ಗಳ ಕಥೆ ಇದಕ್ಕೆ ತದ್ವಿರುದ್ಧ, ಕೊಲೆಸ್ಟರಾಲ್ ಇಳಿಸುವ ಈ ಮಾತ್ರೆಗಳು ನಿಜಕ್ಕೂ ಜೀವ ಉಳಿಸುತ್ತವೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಈ ಬಗೆಯ ಮೊದಲ ವಸ್ತುವನ್ನು ಬೇರ್ಪಡಿಸಿದ. 1987ರಲ್ಲಿ ಲೊವಾಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ, ಆಗಲೇ ಹೃದ್ರೋಗವಿದ್ದ 4,444 ಮಂದಿಯ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಐದು ವರ್ಷ ಮೀರಿದ ಅವಧಿಯಲ್ಲಿ ಔಷಧವಿಲ್ಲದ ಸುಳ್ಳುಮಾತ್ರೆ ಪಡೆದವರಲ್ಲಿ 256 ಮಂದಿ, ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ 182 ಮಂದಿ ತೀರಿಕೊಂಡರು. ಇದನ್ನು ‘ಸಾವು ಶೇ 30 ಕಡಿಮೆ’ ಎನ್ನಬಹುದು. ‘ನೂರು ಜನರಲ್ಲಿ ಸುಮಾರು 12 ಸಾಯುವ ಕಡೆ 8 ಸತ್ತರು’ ಎಂದೂ ಹೇಳಬಹುದು. ಎರಡೂ ಸತ್ಯ. ಮರುವರ್ಷ ಸ್ಕಾಟ್ಲೆಂಡಿನಲ್ಲಿ, ಕೊಲೆಸ್ಟರಾಲ್ ಹೆಚ್ಚಿದ್ದರೂ ಅದುವರೆಗೆ ಹೃದಯಾಘಾತವಾಗಿರದ ಗಂಡಸರ ಅಧ್ಯಯನದಲ್ಲಿ ಹೃದಯಾಘಾತ ಅಥವಾ ಹೃದ್ರೋಗದಿಂದಾಗುವ ಸಾವು ನೂರಕ್ಕೆ 7.9ರಿಂದ 5.5ಕ್ಕೆ ಇಳಿಯಿತು. ಅಲ್ಲೂ ಶೇಕಡಾವಾರು ಮಾತು 31. ಮೊದಲನೆಯದರಲ್ಲಿ ನೂರಕ್ಕೆ ಮೂರು-ನಾಲ್ಕು ಸಾವು ತಪ್ಪಿದೆ, ಎರಡನೆಯದರಲ್ಲಿ ನೂರಕ್ಕೆ ಎರಡೂವರೆಯಷ್ಟು ಆಘಾತ. ‘ಶೇ 30’ ಎಂಬ ಮಾತು ಎರಡನ್ನೂ ಒಂದೇ ಮಾಡಿಬಿಡುತ್ತದೆ, ಏಕೆಂದರೆ ಅದು ತನ್ನ ಸೊನ್ನೆಯನ್ನೂ ಅಳತೆಯನ್ನೂ ಹೇಳುವುದಿಲ್ಲ.

ಮೈನಸ್ಸಿನ ಕಡೆಯೂ ಇದೇ ತೊಂದರೆ. ಸ್ಟ್ಯಾಟಿನ್ ನುಂಗಿದರೆ ಮೀನಖಂಡ ಹಿಡಿಯುತ್ತದೆ, ತೊಡೆ ನೋಯುತ್ತದೆ ಎಂಬ ದೂರು ಬಹಳ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಸ್ಯಾಮ್ಸನ್’ ಎಂಬ ಪ್ರಯೋಗ ಇದನ್ನು ಜಾಣತನದಿಂದ ಅಳೆಯಿತು. ಅಡ್ಡಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಹನ್ನೆರಡು ಬಾಟಲಿ ಕೊಟ್ಟರು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಅದೇ ರೀತಿ ಕಾಣುವ ಸುಳ್ಳುಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು, ಕ್ರಮ ಅಡ್ಡಾದಿಡ್ಡಿ. ತಮ್ಮ ತೊಂದರೆಗೆ ದಿನವೂ ನೂರಕ್ಕೆ ಇಷ್ಟೆಂದು ಅಂಕ ಕೊಡಬೇಕು. ಖಾಲಿ ತಿಂಗಳುಗಳ ಸರಾಸರಿ 8, ಸುಳ್ಳುಮಾತ್ರೆಯ ತಿಂಗಳುಗಳದು 15.4, ಸ್ಟ್ಯಾಟಿನ್‌ನದು 16.3. ಮಾತ್ರೆಯ ಮೈನಸ್ ಎಷ್ಟು? ಸೊನ್ನೆಯನ್ನು ಖಾಲಿ ಬಾಟಲಿಯಲ್ಲಿಟ್ಟರೆ 8.3, ಸುಳ್ಳುಮಾತ್ರೆಯಲ್ಲಿಟ್ಟರೆ 0.9. ನೋವು ಸುಳ್ಳಲ್ಲ, ಅದು ಖಾಲಿ ತಿಂಗಳಿಗಿಂತ ದುಪ್ಪಟ್ಟಾಗಿದೆ. ಆದರೆ ಅದರ ಬಹುಪಾಲು ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದ ಖಾತೆಗೆ ಹೋಗಬೇಕು, ಸ್ಟ್ಯಾಟಿನ್ ಎಂಬ ವಸ್ತುವಿನ ಖಾತೆಗಲ್ಲ. ತಮ್ಮದೇ ಅಂಕಗಳನ್ನು ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಶುರು ಮಾಡಿದರು. ‘ಪ್ಲಸ್ಸೂ ಇದೆ ಮೈನಸ್ಸೂ ಇದೆ’ ಎಂದಷ್ಟೇ ಹೇಳಿ ಕಳಿಸಿದ್ದರೆ ಇದು ಆಗುತ್ತಿರಲಿಲ್ಲ. ಹಾಗೆಂದು ಸ್ಟ್ಯಾಟಿನ್‌ಗಳಿಂದ ಸ್ನಾಯುಗಳಿಗೆ ಹಾನಿಯೇ ಇಲ್ಲವೆಂದಲ್ಲ. ಸ್ನಾಯುಗಳನ್ನು ಕರಗಿಸಿ ಪ್ರಾಣ ತೆಗೆದ ಸೆರಿವಾಸ್ಟ್ಯಾಟಿನ್ ಅನ್ನು 2001ರಲ್ಲಿ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಲಾಯಿತು. ಉಳಿದ ಸ್ಟ್ಯಾಟಿನ್‌ಗಳಲ್ಲಿ ಅಂಥದ್ದು ತೀರಾ ಅಪರೂಪ.

ಅಳತೆಯೇ ಬೇರೆಯಾದಾಗ ಏನಾಗುತ್ತದೆ ಎಂಬುದಕ್ಕೆ ಮಧುಮೇಹ ನೋಡಿ. ಸ್ಟ್ಯಾಟಿನ್‌ಗಳು ಷುಗರ್ ಬರುವ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತವೆ: 255 ಮಂದಿ ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಬರುತ್ತದೆ ಎಂದು 2010ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ರೊಸುವಾಸ್ಟ್ಯಾಟಿನ್‌ನ ‘ಜುಪಿಟರ್’ ಅಧ್ಯಯನವನ್ನು ಮರುಪರಿಶೀಲಿಸಿದವರು, ಷುಗರ್ ಬರುವ ಲಕ್ಷಣಗಳು ಮೊದಲೇ ಇದ್ದವರಲ್ಲಿ 54 ಹೊಸ ಮಧುಮೇಹಕ್ಕೆ ಪ್ರತಿಯಾಗಿ 134 ರಕ್ತನಾಳದ ಅವಘಡ ಅಥವಾ ಸಾವು ತಪ್ಪಿದವು ಎಂದು ಲೆಕ್ಕ ಕೊಟ್ಟರು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟದ್ದು ಸರಿ. ಆದರೆ 134ರಲ್ಲಿ 54 ಕಳೆದು 80 ಲಾಭ ಎನ್ನುವವನನ್ನು ಕೇಳಬೇಕು: 80 ಏನು? ಹೃದಯಾಘಾತವೂ ಅಲ್ಲ, ಷುಗರೂ ಅಲ್ಲ. ಭಾಸ್ಕರ ಒಪ್ಪದ ‘ಋಣ ಎರಡು ಕೋತಿ’ಗಳ ಜಾತಿಯವು ಅವು. ಅದೂ ಅಲ್ಲದೆ ಆಘಾತ ತಪ್ಪಿಸಿಕೊಂಡವರೂ ಷುಗರ್ ಬಂದವರೂ ಒಬ್ಬರೇ ಆಗಿರಬೇಕಿಲ್ಲ. ತಪ್ಪಿಸಿಕೊಂಡವರಿಗೆ ತಾವು ತಪ್ಪಿಸಿಕೊಂಡದ್ದು ಎಂದೂ ಗೊತ್ತಾಗುವುದಿಲ್ಲ, ಏಕೆಂದರೆ ಆಗದೇ ಹೋದ ಆಘಾತಕ್ಕೆ ಗುರುತಿಲ್ಲ. ಷುಗರ್ ಬಂದವರಿಗೆ ಮಾತ್ರ ದಿನವೂ ನೆನಪು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಅಳತೆ ಬೇರೆಯೆಂದು ಕೂತರೆ ವೈದ್ಯರು ಔಷಧ ಬರೆಯುವುದು ಹೇಗೆ, ಸರ್ಕಾರ ದುಡ್ಡು ಹಂಚುವುದು ಹೇಗೆ? ಎಲ್ಲವನ್ನೂ ಒಂದು ಅಳತೆಗೆ ತರಲೇಬೇಕಲ್ಲವೇ? ತರುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆ ಚಿಕಿತ್ಸೆಗಳ ಫಲವನ್ನು ‘ಗುಣಮಟ್ಟಕ್ಕೆ ಹೊಂದಿಸಿದ ಆಯುಷ್ಯದ ವರ್ಷ’ ಎಂಬ ಒಂದೇ ಮಾನಕ್ಕೆ ಪರಿವರ್ತಿಸಿ ಹೋಲಿಸುತ್ತದೆ. ನಾನು ಇದನ್ನು ವಿರೋಧಿಸುವುದಿಲ್ಲ, ಮೆಚ್ಚುತ್ತೇನೆ. ಏಕೆಂದರೆ ಅಲ್ಲಿ ವಿನಿಮಯದ ದರವನ್ನು ಬಹಿರಂಗವಾಗಿ ಹೇಳಿರುತ್ತಾರೆ, ಒಪ್ಪದವರು ಜಗಳವಾಡಬಹುದು. ಆದರೆ ಆ ದರ ಜನಸಮುದಾಯದ ಸರಾಸರಿಯದು, ಬೊಕ್ಕಸ ನಡೆಸಲು ಸಾಕು. ದಿನಕ್ಕೊಂದು ಮಾತ್ರೆ ನುಂಗುವುದನ್ನೇ ಕಾಯಿಲೆಯೆಂದು ಭಾವಿಸುವ ಅಜ್ಜಿಗೂ, ನಲವತ್ತೈದಕ್ಕೆ ತಂದೆಯನ್ನು ಹೃದಯಾಘಾತಕ್ಕೆ ಕಳೆದುಕೊಂಡ ಮಗನಿಗೂ ಒಂದೇ ದರ ಹೊಂದುವುದಿಲ್ಲ. ಹಾಗಾದರೆ ಎಲ್ಲವೂ ಅವರವರ ಮನಸ್ಸಿಗೆ ಬಿಟ್ಟದ್ದೇ? ಅದೂ ಅಲ್ಲ. ದರ ಅವರವರದು, ಅಂಕಿಗಳು ಎಲ್ಲರವು. 256 ಮತ್ತು 182 ಯಾರ ಇಷ್ಟಕ್ಕೂ ಬದಲಾಗುವುದಿಲ್ಲ. ‘ನನಗೆ ಈ ಲಾಭ ಬೇಡ’ ಎನ್ನುವ ಹಕ್ಕು ರೋಗಿಗಿದೆ, ‘ಲಾಭವೇ ಇಲ್ಲ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಜನಸಾಮಾನ್ಯರಿಗೆ ಇಷ್ಟೆಲ್ಲ ಅರ್ಥವಾಗುವುದಿಲ್ಲ, ಪ್ಲಸ್-ಮೈನಸ್ ಎಂದರೆ ಸುಲಭ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಅಷ್ಟಾಗಿ ಗೌರವಿಸಲಾರೆ. ‘ನೂರರಲ್ಲಿ ಹನ್ನೆರಡು, ನೂರರಲ್ಲಿ ಎಂಟು’ ಎಂಬುದು ಸಂತೆಯಲ್ಲಿ ವ್ಯಾಪಾರ ಮಾಡಿದ ಯಾರಿಗೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ‘ಶೇ 30 ಕಡಿಮೆ’ ಎಂಬ ಮಾತು.

ಆದ್ದರಿಂದ ವೈದ್ಯರು ಈ ಮಾತ್ರೆ ಬರೆದುಕೊಟ್ಟಾಗ ಪ್ಲಸ್ ಎಷ್ಟು, ಮೈನಸ್ ಎಷ್ಟು ಎಂದು ಕೇಳಬೇಡಿ. ‘ನನ್ನ ವಯಸ್ಸಿನ, ನನ್ನಷ್ಟೇ ಬಿಪಿ-ಷುಗರ್ ಇರುವ ನೂರು ಜನ ಇದನ್ನು ತೆಗೆದುಕೊಳ್ಳದಿದ್ದರೆ ಹತ್ತು ವರ್ಷದಲ್ಲಿ ಎಷ್ಟು ಮಂದಿಗೆ ಹೃದಯಾಘಾತವಾದೀತು, ತೆಗೆದುಕೊಂಡರೆ ಎಷ್ಟು ಮಂದಿಗೆ?’ ಎಂದು ಕೇಳಿ. ಅಡ್ಡಪರಿಣಾಮಕ್ಕೂ ಇದೇ ಪ್ರಶ್ನೆ ಹಾಕಿ. ಉತ್ತರವಾಗಿ ಬಂದ ನಾಲ್ಕು ಅಂಕಿಗಳನ್ನು ಒಂದರಿಂದೊಂದು ಕಳೆಯಲು ಹೋಗದೆ, ನಾಲ್ಕನ್ನೂ ಮುಂದಿಟ್ಟುಕೊಂಡು ಮನೆಯವರೊಡನೆ ಮಾತಾಡಿ ನಿರ್ಧರಿಸಿ. ಒಮ್ಮೆ ಹೃದಯಾಘಾತವಾಗಿದ್ದರೆ ಅಥವಾ ಸ್ಟೆಂಟ್ ಹಾಕಿಸಿಕೊಂಡಿದ್ದರೆ ಮಾತ್ರ ನೂರಕ್ಕೆ ಮೂರು-ನಾಲ್ಕು ಸಾವು ತಪ್ಪುವುದು ಸಣ್ಣ ಮಾತಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.